ಕಿಷ್ಕಿಂಧೆಯ ಸೀಸನ್ ಫಿನಾಲೆ

ಸೀಸನ್ ಫಿನಾಲೆ ಅಂದ್ರೆ ಏನು? ನಿಮ್ಮ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೋ ಹುಡುಗಿಯೋ ಇದ್ದರೆ ಕೇಳಿ ನೋಡಿ. ಥಟ್ಟನೆ ಉತ್ತರ ಬರತ್ತೆ: "ಲಾಸ್ಟ್ ಎಪಿಸೋಡು. ದೊಡ್ಡ ಫೈಟ್ ಇರತ್ತೆ. ಆಮೇಲೆ ಒಂದು ಟ್ವಿಸ್ಟ್ ಕೊಟ್ಟು ನಿಲ್ಲಿಸಿಬಿಡ್ತಾರೆ." ಉತ್ತರ ಅರ್ಧ ಸರಿ. ಉಳಿದರ್ಧ ತಿಳಿಯೋಕೆ ಅಮೆರಿಕದ ಸೀರಿಯಲ್ಲುಗಳನ್ನೆಲ್ಲ ಜಾಲಾಡಬೇಕಾಗಿಲ್ಲ. ಹೊಸಪೇಟೆಯಲ್ಲಿ ಇಳಿದು ಹಂಪಿಗೆ ಹೋಗಿ, ತುಂಗಭದ್ರೆ ದಾಟಿ ಆನೆಗೊಂದಿ ಕಡೆ ನಿಂತು ಸುತ್ತ ನೋಡಿದರೆ ಸಾಕು. ಒಂದು ಕಡೆ ಅಂಜನಾದ್ರಿ, ಇನ್ನೊಂದು ಕಡೆ ಋಷ್ಯಮೂಕ, ಹತ್ತಿರದಲ್ಲೇ ಪಂಪಾ ಸರೋವರ, ಹೊಳೆಯಾಚೆ ಮತಂಗ ಪರ್ವತ, ಮಾಲ್ಯವಂತ. ಪರಂಪರೆ ಕಿಷ್ಕಿಂಧೆ ಅಂತ ಕರೆಯೋದು ಇದೇ ನೆಲವನ್ನ. ಹನುಮಂತನ ಕಥೆಯಲ್ಲಿ ಮೊದಲ ಸೀಸನ್ ನಡೆಯೋದು ಇಲ್ಲೇ.

ಇವತ್ತು ಈ ವಿಷಯ ಯಾಕೆ ಎತ್ತಿಕೊಂಡೆ ಅಂದರೆ, 'ದಿ ಲೆಜೆಂಡ್ ಆಫ್ ಹನುಮಾನ್' ಅನ್ನೋ ಅನಿಮೇಷನ್ ಸರಣಿಯ ಆರನೇ ಸೀಸನ್ 2025ರ ಏಪ್ರಿಲ್ 11ರಂದು ಜಿಯೋಹಾಟ್‌ಸ್ಟಾರ್‌ಗೆ ಬಂತು. ಮೊದಲ ಸೀಸನ್ ಬಂದದ್ದು 2021ರ ಜನವರಿ 29ಕ್ಕೆ. ಹದಿಮೂರು ಕಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಎರಡನೆಯದು. ಆಮೇಲೆ ಎರಡೂವರೆ ವರ್ಷ ಸದ್ದಿಲ್ಲ. ನಂತರ ನೋಡಿ, 2024ರ ಒಂದೇ ವರ್ಷದಲ್ಲಿ ಮೂರು ಸೀಸನ್: ಜನವರಿಯಲ್ಲಿ ಒಂದು, ಜೂನ್‌ನಲ್ಲಿ ಒಂದು, ದೀಪಾವಳಿ ಹೊತ್ತಿಗೆ ಇನ್ನೊಂದು. ಮಕ್ಕಳು ನೋಡ್ತಾರೆ, ಮಕ್ಕಳ ನೆಪದಲ್ಲಿ ಅಜ್ಜ ಅಜ್ಜಿ ನೋಡ್ತಾರೆ. ನಾನೂ ನೋಡ್ತೀನಿ. ನೋಡ್ತಾ ನೋಡ್ತಾ ನನಗೆ ಒಂದು ಪ್ರಶ್ನೆ ಶುರುವಾಯ್ತು. ಈ ಹನುಮಂತನನ್ನ ಇವರು ಎತ್ತ ಕರ್ಕೊಂಡು ಹೋಗ್ತಿದ್ದಾರೆ?

ಮೊದಲು "ಇವರು" ಯಾರು ಅಂತ ತಿಳ್ಕೊಳ್ಳೋಣ. ಸರಣಿ ಕಟ್ಟಿದವರು ಶರದ್ ದೇವರಾಜನ್, ಜೀವನ್ ಜೆ. ಕಾಂಗ್ ಮತ್ತು ಚಾರುವಿ ಪಿ. ಸಿಂಘಲ್. ಮೊದಲ ಇಬ್ಬರ ಹಿನ್ನೆಲೆ ಗೊತ್ತಾದರೆ ಸರಣಿಯ ಹಿನ್ನೆಲೆಯೂ ಅರ್ಧ ಗೊತ್ತಾಗತ್ತೆ. 2004ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಧೋತಿ ಉಡಿಸಿ ಮುಂಬೈ ಬೀದಿಗೆ ಇಳಿಸಿದರಲ್ಲ, ಪವಿತ್ರ್ ಪ್ರಭಾಕರ್ ಅನ್ನೋ ಹುಡುಗನ ಕಾಮಿಕ್ಸ್, ಅದರಲ್ಲಿ ಇವರಿಬ್ಬರ ಕೈ ಇತ್ತು. 2006ರಲ್ಲಿ ಬೆಂಗಳೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಶುರುವಾದ ವರ್ಜಿನ್ ಕಾಮಿಕ್ಸ್‌ನ ಸ್ಥಾಪಕರಲ್ಲಿ ದೇವರಾಜನ್ ಒಬ್ಬರು. ಸ್ಪೈಡರ್‌ಮ್ಯಾನ್‌ನ ಮೂಲ ಸೃಷ್ಟಿಕರ್ತರಲ್ಲೊಬ್ಬರಾದ ಸ್ಟಾನ್ ಲೀ ಜೊತೆ 'ಚಕ್ರ: ದಿ ಇನ್ವಿನ್ಸಿಬಲ್' ಮಾಡಿದ್ದೂ ಇವರೇ. ಅಂದರೆ ಇವರು ಪುರಾಣ ಹೇಳೋಕೆ ಬಂದು ಸೂಪರ್‌ಹೀರೋ ಮಾಡಿದವರಲ್ಲ, ಸೂಪರ್‌ಹೀರೋ ಮಾಡ್ತಾ ಮಾಡ್ತಾ ಹನುಮಂತನ ಹತ್ತಿರ ಬಂದವರು. ಇದನ್ನ ತಪ್ಪು ಅಂತ ಹೇಳ್ತಿಲ್ಲ. ಸರಣಿಯ ದಿಕ್ಕು ಅರ್ಥವಾಗೋಕೆ ಇದು ಗೊತ್ತಿರಬೇಕು, ಅಷ್ಟೆ.

"ದೇವರನ್ನ ಸೂಪರ್‌ಹೀರೋ ಅನ್ನಬಹುದಾ ಸ್ವಾಮಿ?" ಅಂತ ಕೇಳೋರು ಇದ್ದೇ ಇದ್ದಾರೆ. ಹಂಪಿ ಸೀಮೆಯಲ್ಲಿ ಹನುಮಪ್ಪನ ಗುಡಿ ಇಲ್ಲದ ಊರು ಹುಡುಕೋದು ಕಷ್ಟ. ಮನೆಗೊಬ್ಬ ಹನುಮಂತಪ್ಪ, ಹನುಮವ್ವ, ಮಾರುತಿ. ಅಂಥ ಕಡೆ ಈ ಪ್ರಶ್ನೆ ಬರೋದು ಸಹಜ. ಆದರೆ ಕನ್ನಡದ ಕವಿಗಳು ಈ ಕಥೆಯ ದಿಕ್ಕನ್ನ ಎಷ್ಟು ಸಲ ತಿರುಗಿಸಿದ್ದಾರೆ ನೋಡಿ. ನಾಗಚಂದ್ರನ ಜೈನ ರಾಮಾಯಣದಲ್ಲಿ ವಾನರರು ಕೋತಿಗಳೇ ಅಲ್ಲ, ಕಪಿಧ್ವಜ ಹಿಡಿದ ವಿದ್ಯಾಧರರು. ರಾವಣನನ್ನ ಕೊಲ್ಲೋದು ರಾಮ ಅಲ್ಲ, ಲಕ್ಷ್ಮಣ. ಕುವೆಂಪು 'ಶ್ರೀರಾಮಾಯಣ ದರ್ಶನಂ'ನಲ್ಲಿ ಸೀತೆಯ ಜೊತೆ ರಾಮನೂ ಅಗ್ನಿಪ್ರವೇಶ ಮಾಡ್ತಾನೆ. ಇವತ್ತಿನ ಭಾಷೆಯಲ್ಲಿ ಅದನ್ನ ಕ್ರಿಯೇಟಿವ್ ಡೈರೆಕ್ಷನ್ ಅಂತಾರೆ. ಕವಿ ಬದಲಾಯಿಸಿದ್ದು ಯಾಕೆ ಅನ್ನೋದಷ್ಟೇ ಮುಖ್ಯ. ಧರ್ಮದ ಕಾರಣಕ್ಕೆ ಬದಲಾಯಿಸಿದನಾ, ನ್ಯಾಯದ ಕಾರಣಕ್ಕಾ, ಅಥವಾ ತಿಂಗಳ ಚಂದಾ ನಿಲ್ಲಬಾರದು ಅಂತಲಾ?

ಚಂದಾ ಅಂದೆ ನೋಡಿ, ಅಲ್ಲಿಗೇ ಬರೋಣ. ನಮ್ಮ ಕನ್ನಡ ಧಾರಾವಾಹಿಗಳಿಗೆ ಸೀಸನ್ ಅನ್ನೋದು ಹೆಚ್ಚಾಗಿ ಇರಲ್ಲ. ಸೋಮವಾರದಿಂದ ಶುಕ್ರವಾರ ನಡೆಯತ್ತೆ, ಗುರುವಾರ ಟಿಆರ್‌ಪಿ ಬರತ್ತೆ. ನಂಬರ್ ಇಳಿದರೆ ಮುಂದಿನ ವಾರ ಅತ್ತೆ ಒಳ್ಳೆಯವಳಾಗ್ತಾಳೆ, ಇಲ್ಲಾ ಸತ್ತೋಗಿದ್ದ ಅಳಿಯ ಎದ್ದು ಬರ್ತಾನೆ. ಅನಿಮೇಷನ್‌ನಲ್ಲಿ ಈ ಆಟ ನಡೆಯಲ್ಲ. ಮೊದಲು ಸ್ಕ್ರಿಪ್ಟ್, ಆಮೇಲೆ ಒಂದೊಂದು ದೃಶ್ಯದ ಚಿತ್ರ ಬರೆದು ಜೋಡಿಸೋ ಸ್ಟೋರಿಬೋರ್ಡ್, ಆಮೇಲೆ ದನಿ, ಆ ದನಿಗೆ ತಕ್ಕಂತೆ ಬೊಂಬೆಗಳ ಚಲನೆ, ಕೊನೆಗೆ ಬೆಳಕು, ಬಣ್ಣ. ಕೊನೆಯ ಕಂತು ಹೇಗಿರಬೇಕು ಅನ್ನೋದು ನಾವು ನೋಡೋದಕ್ಕೆ ತಿಂಗಳುಗಟ್ಟಲೆ ಮೊದಲೇ ತೀರ್ಮಾನವಾಗಿರತ್ತೆ. ಮುಂದಿನ ಸೀಸನ್‌ಗೆ ದುಡ್ಡು ಸಿಗತ್ತಾ ಅನ್ನೋದು ಎಷ್ಟೋ ಸಲ ಆಗ ಗೊತ್ತಿರೋದೇ ಇಲ್ಲ. ಹೀಗಾಗಿ ಬರೆಯೋನು ಬಾಗಿಲನ್ನ ಅರ್ಧ ಮುಚ್ಚಬೇಕು. ಪೂರ್ತಿ ಮುಚ್ಚಿದರೆ ನೋಡುಗ ಆ್ಯಪ್ ತೆಗೆದುಹಾಕ್ತಾನೆ. ಪೂರ್ತಿ ತೆರೆದಿಟ್ಟರೆ, ಮುಂದಿನ ಸೀಸನ್ ಬರದೇಹೋದರೆ, ಮೋಸ ಹೋದೆ ಅಂತ ಬೈತಾನೆ.

ಈ ಅರ್ಧ ಬಾಗಿಲ ತಂತ್ರ ಜಗತ್ತಿಗೆಲ್ಲ ಪರಿಚಯವಾದದ್ದು 1980ರಲ್ಲಿ. ಅಮೆರಿಕದ 'ಡಲ್ಲಾಸ್' ಧಾರಾವಾಹಿಯ ಸೀಸನ್ ಕೊನೆಗೆ ಜೆ.ಆರ್. ಅನ್ನೋ ಪಾತ್ರಕ್ಕೆ ಗುಂಡು ಬಿತ್ತು. ಹೊಡೆದದ್ದು ಯಾರು ಅಂತ ತಿಳಿಯೋಕೆ ಜನ ಮಾರ್ಚ್‌ನಿಂದ ನವೆಂಬರ್‌ವರೆಗೆ ಕಾದರು. ಸೂಪರ್‌ಹೀರೋ ಸರಣಿಗಳಲ್ಲಿ ನನಗೆ ಬಹಳ ಇಷ್ಟವಾದ ಉದಾಹರಣೆ ಮಾತ್ರ 'ಸ್ಮಾಲ್‌ವಿಲ್'. ಅದು ಸೂಪರ್‌ಮ್ಯಾನ್‌ನ ಹದಿಹರೆಯದ ಕಥೆ. ಅದನ್ನ ಶುರು ಮಾಡಿದವರು ಒಂದು ನಿಯಮ ಹಾಕಿಕೊಂಡಿದ್ದರು: ಹುಡುಗ ಆ ನೀಲಿ ಕೆಂಪು ಉಡುಪು ತೊಡಬಾರದು, ಹಾರಬಾರದು. 2001ರಲ್ಲಿ ಶುರುವಾದ ಸರಣಿಯಲ್ಲಿ ಅವನು ಸೂಪರ್‌ಮ್ಯಾನ್ ಆಗಿ ಆಕಾಶಕ್ಕೆ ಏರಿದ್ದು 2011ರ ಮೇ 13ರ ಕಟ್ಟಕಡೆಯ ಕಂತಿನಲ್ಲಿ. ಹತ್ತು ಸೀಸನ್! ಹತ್ತು ವರ್ಷ ಕಾಯಿಸಿದ್ದಕ್ಕೇ ಆ ಒಂದು ಹಾರಾಟಕ್ಕೆ ಬೆಲೆ ಬಂತು.

ಇನ್ನು ನಮ್ಮದಕ್ಕೆ ಬನ್ನಿ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡ ಎಲ್ಲಿ ಮುಗಿಯತ್ತೆ ಗೊತ್ತಾ? ವಾಲಿ ಬೀಳೋ ಜಾಗದಲ್ಲಿ ಅಲ್ಲ. ಆನೆಗೊಂದಿಯ ಚಿಂತಾಮಣಿಗೆ ಹೋದರೆ ರಾಮ ಇಲ್ಲಿಂದಲೇ ಬಾಣ ಬಿಟ್ಟ ಅಂತ ಜಾಗ ತೋರಿಸ್ತಾರೆ. ಹೊಳೆಯ ಈಚೆ ನಿಂಬಾಪುರದ ಬಳಿ ಒಂದು ಬೂದಿ ದಿಬ್ಬ ಇದೆ, ವಾಲಿಯನ್ನ ಸುಟ್ಟ ಜಾಗ ಅದು ಅಂತಾರೆ. ಇವತ್ತಿನ ಯಾವ ಸೂಪರ್‌ಹೀರೋ ಬರಹಗಾರನನ್ನ ಕೇಳಿದರೂ ಫಿನಾಲೆ ಇಲ್ಲೇ ಇಡು ಅಂತಾನೆ. ಅಣ್ಣತಮ್ಮಂದಿರ ಕಾಳಗ, ಮರೆಯಿಂದ ಬಂದ ಬಾಣ, ಸಾಯುವವನ ಕಟುವಾದ ಪ್ರಶ್ನೆಗಳು, ತಾರೆಯ ಗೋಳು. ಏನಿಲ್ಲ ಹೇಳಿ? ಆದರೆ ವಾಲ್ಮೀಕಿ ಅದನ್ನ ಕಾಂಡದ ಮೊದಲರ್ಧದಲ್ಲೇ ಮುಗಿಸಿಬಿಡ್ತಾನೆ.

ಆಮೇಲೆ ಮಳೆಗಾಲ. ರಾಮ ಬೆಟ್ಟದ ಮೇಲೆ ನಾಲ್ಕು ತಿಂಗಳು ಕಾಯ್ತಾನೆ. ಕಮಲಾಪುರದಿಂದ ಕಂಪ್ಲಿ ಕಡೆ ಹೋಗುವಾಗ ಸಿಗೋ ಮಾಲ್ಯವಂತ ರಘುನಾಥ ಗುಡಿ ಆ ಕಾಯುವಿಕೆಯ ನೆನಪು. ಮಾತು ಕೊಟ್ಟಿದ್ದ ಸುಗ್ರೀವ ಅರಮನೆಯಲ್ಲಿ ಮೈಮರೆತಿರ್ತಾನೆ, ಕೊನೆಗೆ ಲಕ್ಷ್ಮಣ ಸಿಟ್ಟಿನಿಂದ ಬಾಗಿಲಿಗೇ ಬಂದು ನಿಲ್ಲಬೇಕಾಗತ್ತೆ. ಎರಡನೇ ಸೀಸನ್‌ಗೂ ಮೂರನೆಯದಕ್ಕೂ ನಡುವೆ ಎರಡೂವರೆ ವರ್ಷ ಕಾದ ಮಕ್ಕಳಿಗೆ ಲಕ್ಷ್ಮಣನ ಸಿಟ್ಟು ಚೆನ್ನಾಗಿ ಅರ್ಥವಾಗತ್ತೆ ಬಿಡಿ.

ನಂತರ ನಾಲ್ಕು ದಿಕ್ಕಿಗೆ ವಾನರರು ಹೊರಡ್ತಾರೆ. ದಕ್ಷಿಣಕ್ಕೆ ಹೋದ ಗುಂಪಿನಲ್ಲಿ ಅಂಗದ, ಜಾಂಬವಂತ, ಹನುಮಂತ. ಒಂದು ತಿಂಗಳ ಗಡುವು. ಗಡುವು ಮೀರಿಹೋಗತ್ತೆ. ಬರಿಗೈಲಿ ವಾಪಸ್ ಹೋದರೆ ಸುಗ್ರೀವ ಬಿಡಲ್ಲ ಅಂತ ಅಂಗದ ಉಪವಾಸ ಬಿದ್ದು ಸಾಯೋಕೆ ಕೂತುಬಿಡ್ತಾನೆ. ಆಗ ಜಟಾಯುವಿನ ಅಣ್ಣ ಸಂಪಾತಿ ಸಿಕ್ಕಿ, ಸೀತೆ ಇರೋದು ಸಮುದ್ರದಾಚೆ ಅಂತ ಹೇಳ್ತಾನೆ. ದೂರ ನೂರು ಯೋಜನ. ಯಾರು ಹಾರ್ತೀರಿ? ಇಲ್ಲೊಂದು ಸಭೆ ನಡೆಯತ್ತೆ, ನಮ್ಮ ಯಾವುದೇ ಪಂಚಾಯ್ತಿ ಸಭೆಯ ಹಾಗೇ. ಒಬ್ಬ ನಾನು ಹತ್ತು ಯೋಜನ ಅಂತಾನೆ, ಇನ್ನೊಬ್ಬ ಇಪ್ಪತ್ತು, ಮತ್ತೊಬ್ಬ ಮೂವತ್ತು. ಮುದುಕ ಜಾಂಬವಂತ, ನನಗೆ ವಯಸ್ಸಾಯ್ತು, ತೊಂಬತ್ತು ಆಗಬಹುದು ಅಂತಾನೆ. ಅಂಗದ ನೂರು ಹಾರಬಲ್ಲ, ಆದರೆ ವಾಪಸ್ ಬರೋ ಭರವಸೆ ಇಲ್ಲ. ಇಷ್ಟೆಲ್ಲ ಲೆಕ್ಕ ನಡೆಯುವಾಗ ಒಬ್ಬ ಮಾತ್ರ ಪಕ್ಕಕ್ಕೆ ಸುಮ್ಮನೆ ಕೂತಿರ್ತಾನೆ.

ಹನುಮಂತ ಯಾಕೆ ಸುಮ್ಮನಿದ್ದ? ಉತ್ತರಕಾಂಡದಲ್ಲಿ ಇದಕ್ಕೊಂದು ಕಾರಣ ಇದೆ. ಚಿಕ್ಕವನಿದ್ದಾಗ ಆಶ್ರಮಗಳಲ್ಲಿ ಕೀಟಲೆ ಮಾಡಿ ಋಷಿಗಳ ಶಾಪ ತಗೊಂಡಿದ್ದ: ನಿನ್ನ ಬಲ ನಿನಗೆ ಮರೆತುಹೋಗಲಿ, ಯಾರಾದರೂ ನೆನಪಿಸಿದಾಗ ಮಾತ್ರ ತಿಳಿಯಲಿ ಅಂತ. ಈ ಶಾಪ ಎಷ್ಟು ಮೃದು ನೋಡಿ. ಶಕ್ತಿ ಕಿತ್ತುಕೊಳ್ಳಲಿಲ್ಲ, ನೆನಪನ್ನ ಮಾತ್ರ ತಗೊಂಡರು. ನೆನಪಿನ ಕೀಲಿಕೈಯನ್ನ ಇನ್ನೊಬ್ಬರ ಬಾಯಲ್ಲಿಟ್ಟರು. ಜಾಂಬವಂತ ಎದ್ದು ಬಂದು, ನೀನು ಯಾರ ಮಗ, ಹುಟ್ಟಿದಾಗ ಸೂರ್ಯನನ್ನ ಹಿಡಿಯೋಕೆ ಹೋದವನಲ್ಲವಾ ಅಂತ ಹೇಳ್ತಾ ಹೋಗ್ತಾನೆ. ಕೇಳ್ತಾ ಕೇಳ್ತಾ ಹನುಮಂತ ಬೆಳೀತಾನೆ. ಮಹೇಂದ್ರ ಪರ್ವತ ಏರ್ತಾನೆ. ಕಾಂಡ ಮುಗೀತು! ಹಾರೋದು ಮುಂದಿನ ಕಾಂಡದಲ್ಲಿ.

ಅಂದರೆ ಈ ಫಿನಾಲೆಯಲ್ಲಿ ಒಂದೇ ಒಂದು ಏಟು ಬೀಳಲ್ಲ. ಒಬ್ಬ ಹಿರಿಯ ಒಬ್ಬ ಕಿರಿಯನಿಗೆ ಸರಿಯಾದ ಹೊತ್ತಿನಲ್ಲಿ ಸರಿಯಾದ ಮಾತು ಹೇಳ್ತಾನೆ, ಅಷ್ಟೇ. ಫಿನಾಲೆ ಮುಷ್ಟಿಯದ್ದಲ್ಲ, ಮಾತಿನದ್ದು. ನಾನು ಇವತ್ತು ಹೇಳೋಕೆ ಹೊರಟದ್ದೂ ಇದನ್ನೇ.

'ಲೆಜೆಂಡ್ ಆಫ್ ಹನುಮಾನ್' ಮೊದಲ ಸೀಸನ್ ಈ ಗುಟ್ಟು ಹಿಡಿದಿತ್ತು. ತನ್ನ ದೈವತ್ವ ತನಗೇ ಗೊತ್ತಿಲ್ಲದ ಒಬ್ಬ ವಿನಯವಂತ ವಾನರ ನಿಧಾನವಾಗಿ ಎಚ್ಚರಗೊಳ್ಳೋ ಕಥೆ ಅದು. ಸಮುದ್ರದ ಈ ದಡದ ಕಥೆ ಮೊದಲನೆಯದು, ಆ ದಡದ್ದು ಎರಡನೆಯದು. ನನ್ನ ಮಟ್ಟಿಗೆ ಇಡೀ ಸರಣಿಯ ಬಲ ಇರೋದು ಈ ಹಂಚಿಕೆಯಲ್ಲೇ. ಶರದ್ ಕೇಳ್ಕರ್ ಅವರ ಗಡುಸು ದನಿಯ ರಾವಣನೂ ಒಳ್ಳೆ ಆಯ್ಕೆ. ಒಂದು ದೂರು ಮಾತ್ರ ಇದೆ. ಆ ಕಿಷ್ಕಿಂಧೆಯಲ್ಲಿ ನನಗೆ ನಮ್ಮ ಆನೆಗೊಂದಿ ಕಾಣಲಿಲ್ಲ. ಯಾರೋ ಆಟ ಆಡಿ ಪೇರಿಸಿಟ್ಟ ಹಾಗಿರೋ ಆ ಬಂಡೆಗಳು, ವಾನರರು ಎಸೆದ ಕಲ್ಲು ಅಂತ ಜನ ಹೇಳೋ ಆ ಗುಡ್ಡಗಳು, ನಡುವೆ ಬಾಳೆ ತೋಟ, ಭತ್ತದ ಗದ್ದೆ, ಹೊಳೆಯಲ್ಲಿ ಹರಿಗೋಲು: ಇದನ್ನ ಯಾವ ಕಂಪ್ಯೂಟರ್ ಕೂಡ ಊಹಿಸಿ ಬರೆಯೋಕಾಗಲ್ಲ. ಒಂದು ಸಲ ಬಂದು ನೋಡಬೇಕು.

ತೊಂದರೆ ಶುರುವಾಗೋದು ಶಕ್ತಿ ನೆನಪಾದ ಮೇಲೆ. ಎಲ್ಲ ಸೂಪರ್‌ಹೀರೋ ಸರಣಿಗಳೂ ಇಲ್ಲೇ ಎಡವುತ್ತವೆ. ಸೋಲಿಸೋಕೆ ಆಗದ ನಾಯಕ ಸಿಕ್ಕಿದ ಮೇಲೆ ನೋಡುಗನಿಗೆ ಭಯ ಎಲ್ಲಿಂದ ಬರಬೇಕು? ಸುಲಭದ ದಾರಿ ಅಂದರೆ ಇನ್ನೂ ದೊಡ್ಡ ಖಳನನ್ನ ತರೋದು. ಅವನು ಬಿದ್ದ ಮೇಲೆ ಅವನಿಗಿಂತ ದೊಡ್ಡವನು. ಐದನೇ ಸೀಸನ್‌ನಲ್ಲಿ ಪಂಚಮುಖಿ ಹನುಮಂತ ಬಂದ. ಇದು ವಾಲ್ಮೀಕಿಯಲ್ಲಿ ಇಲ್ಲ, ಆಮೇಲಿನ ಪರಂಪರೆಯದು. ನಮ್ಮಲ್ಲಿ ಮೈರಾವಣ ಕಾಳಗ ಅಂತ ರಾತ್ರಿಯಿಡೀ ಆಡೋದು ಇದೇ ಎಳೆಯನ್ನ. ಕಥೆ ಚೆನ್ನಾಗಿದೆ, ಮಕ್ಕಳಿಗೆ ಖುಷಿ. ಆದರೆ ಸೀಸನ್‌ನಿಂದ ಸೀಸನ್‌ಗೆ ಯುದ್ಧವೇ ಹಿಗ್ಗುತ್ತಾ ಹೋದಂತೆ ಮೊದಲ ಸೀಸನ್‌ನ ಆ ನಾಚಿಕೆಯ ಹನುಮಂತ ಕಾಣೆಯಾಗ್ತಾ ಬಂದ ಅಂತ ನನಗನ್ನಿಸತ್ತೆ. ಸೀಸನ್‌ಗಳೂ ಗಿಡ್ಡವಾದವು. ಉಸಿರಾಡೋಕೆ ಜಾಗ ಕಡಿಮೆಯಾಯ್ತು.

ಇದರಲ್ಲಿ ಕ್ಯಾಲೆಂಡರ್ ಪಾಲೂ ಇದೆ. ಮೂರನೇ ಸೀಸನ್ ಬಂದದ್ದು 2024ರ ಜನವರಿ 12ಕ್ಕೆ. ಪ್ರಶಾಂತ್ ವರ್ಮಾ ಅವರ ತೆಲುಗು ಸಿನಿಮಾ 'ಹನುಮಾನ್' ಥಿಯೇಟರಿಗೆ ಬಂದದ್ದೂ ಅದೇ ದಿನ. ಹತ್ತು ದಿನ ಕಳೆದರೆ ಅಯೋಧ್ಯೆಯಲ್ಲಿ ಪ್ರಾಣಪ್ರತಿಷ್ಠೆ. ಇಂಥ ದಿನಾಂಕಗಳು ಆಕಾಶದಿಂದ ಉದುರಲ್ಲ, ವೀಕ್ಷಕರೇ. ಆ ಸಿನಿಮಾದ ಕಾಲ್ಪನಿಕ ಊರಿನ ಹೆಸರು ಏನು ಗೊತ್ತಾ? ಅಂಜನಾದ್ರಿ! ಅದೂ ಅರ್ಧ ಬಾಗಿಲು ತೆರೆದಿಟ್ಟು ಮುಗೀತು. ಮುಂದಿನ ಭಾಗ 'ಜೈ ಹನುಮಾನ್'ಗೆ ಹನುಮಂತನಾಗಿ ನಮ್ಮ ರಿಷಬ್ ಶೆಟ್ಟಿ ಹೆಸರು 2024ರ ಅಕ್ಟೋಬರ್‌ನಲ್ಲಿ ಪ್ರಕಟವಾಯ್ತು.

ಹೆಸರಿನ ಮಾತು ಬಂತಲ್ಲ, ಒಂದು ವಿಷಯ ನೆನಪಿಸ್ತೀನಿ. ಮೊದಲ ಸೀಸನ್ ಬಂದ ಅದೇ 2021ರ ಏಪ್ರಿಲ್‌ನಲ್ಲಿ, ರಾಮನವಮಿಯ ದಿನ, ತಿರುಮಲದ ಅಂಜನಾದ್ರಿಯೇ ಹನುಮಂತನ ಜನ್ಮಸ್ಥಳ ಅಂತ ಟಿಟಿಡಿ ಘೋಷಿಸಿತು. ಕಿಷ್ಕಿಂಧೆಯವರು ಒಪ್ಪಲಿಲ್ಲ. ಗೋಕರ್ಣದ ಹಕ್ಕೊತ್ತಾಯವೂ ಬಂತು, ನಾಸಿಕ್ ಬಳಿಯ ಅಂಜನೇರಿ ಮೊದಲಿನಿಂದಲೂ ಇತ್ತು. ನಾವು ಚಾನೆಲ್‌ನವರು ನಾಲ್ಕು ಕಿಟಕಿ ಹಾಕಿ ನಾಲ್ಕು ಜನರನ್ನ ಕೂರಿಸಿ ಕೂಗಾಡಿಸಿದೆವು. 2022ರ ರಾಜ್ಯ ಬಜೆಟ್‌ನಲ್ಲಿ ಅಂಜನಾದ್ರಿ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯ್ತು. 575 ಮೆಟ್ಟಿಲು ಹತ್ತಲಾಗದವರಿಗೆ ರೋಪ್‌ವೇ ಮಾತೂ ಬಂತು. ಎಲ್ಲಿ ಹುಟ್ಟಿದ ಅನ್ನೋದಕ್ಕೆ ಇಷ್ಟು ಜಗಳ ಆಡಿದ ನಾವು, ಅವನ ಕಥೆ ಯಾರು ಹೇಳ್ತಿದ್ದಾರೆ, ಯಾವ ಭಾಷೆಯಲ್ಲಿ ಹೇಳ್ತಿದ್ದಾರೆ ಅನ್ನೋದಕ್ಕೆ ಒಂದು ಅರ್ಧ ಗಂಟೆಯ ಚರ್ಚೆಯನ್ನಾದರೂ ಇಟ್ಟಿದ್ದೀವಾ?

ಭಾಷೆಯ ಪ್ರಶ್ನೆ ಹಳೆಯದು. 1987ರ ಜನವರಿ 25ರಿಂದ ರಮಾನಂದ್ ಸಾಗರ್ ಅವರ 'ರಾಮಾಯಣ' ಪ್ರತಿ ಭಾನುವಾರ ಬೆಳಗ್ಗೆ ಬರ್ತಿತ್ತು. ಹಿಂದಿ ಬರಲಿ ಬಾರದಿರಲಿ, ಟಿವಿ ಇದ್ದ ಮನೆಯ ಮುಂದೆ ಓಣಿ ಓಣಿಯೇ ಸೇರ್ತಿತ್ತು. ಟಿವಿಗೆ ಹಾರ ಹಾಕಿದವರಿದ್ದರು. ಅದರ ಮುಕ್ತಾಯದ ಕಥೆಯೂ ಸ್ವಾರಸ್ಯ. 52 ಕಂತು ಅಂತ ಹೊರಟದ್ದು 78ಕ್ಕೆ ಹೋಗಿ 1988ರ ಜುಲೈ 31ಕ್ಕೆ ನಿಂತಿತು. ಲವಕುಶರ ಕಥೆ ಬಿಟ್ಟುಹೋಯ್ತು ಅಂತ ಪಂಜಾಬಿನ ಜಲಂಧರ್‌ನಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದರು. ವಾಲ್ಮೀಕಿ ತಮ್ಮ ಕುಲಗುರು, ಅವನ ಆಶ್ರಮದ ಕಥೆಯನ್ನೇ ಬಿಡೋದಾ ಅನ್ನೋದು ಅವರ ಪ್ರಶ್ನೆ. ಕೊನೆಗೆ 'ಉತ್ತರ ರಾಮಾಯಣ' ಬಂತು. ನೋಡುಗರು ಫಿನಾಲೆಯನ್ನೇ ಬದಲಾಯಿಸಿದ ಇಂಥ ಉದಾಹರಣೆ ಇನ್ನೊಂದು ನನಗೆ ಥಟ್ಟನೆ ಹೊಳೆಯಲ್ಲ. ಅಂದಹಾಗೆ, ಹಂಪಿಯ ಹಜಾರರಾಮ ಗುಡಿಯ ಶಿಲ್ಪಿಗಳಿಗೆ ಮುಷ್ಕರ ಬೇಕಾಗಿರಲಿಲ್ಲ. 15ನೇ ಶತಮಾನದ ಆ ಗುಡಿಯ ಗೋಡೆಯಲ್ಲಿ ರಾಮಾಯಣ ಮೂರು ಸಾಲಾಗಿ ಕಂತು ಕಂತಾಗಿ ಸಾಗತ್ತೆ. ಪ್ರದಕ್ಷಿಣೆ ಹಾಕ್ತಾ ಓದಬೇಕು. ಲವಕುಶರ ಕಥೆಯನ್ನೂ ಅದೇ ಆವರಣದಲ್ಲಿ ಕೆತ್ತಿದ್ದಾರೆ.

1997ರಲ್ಲಿ 'ಶಕ್ತಿಮಾನ್' ಬಂದ. ಅವನೂ ಹಿಂದಿಯವನೇ. ಎರಡು ಬೆರಳೆತ್ತಿ ಗಿರಗಿರ ತಿರುಗದ ಹುಡುಗ ಆಗ ಇದ್ದನಾ ಹೇಳಿ! 2005ರ ಮಾರ್ಚ್‌ನಲ್ಲಿ ಆ ಸರಣಿ ನಿಂತಾಗ ಸರಿಯಾದ ಫಿನಾಲೆಯೇ ಇರಲಿಲ್ಲ. ದೂರದರ್ಶನಕ್ಕೆ ಕಟ್ಟಬೇಕಾದ ಶುಲ್ಕ ಏರುತ್ತಾ ಹೋದದ್ದೇ ನಿಲ್ಲಿಸೋಕೆ ಕಾರಣ ಅಂತ ಮುಖೇಶ್ ಖನ್ನಾ ಸಂದರ್ಶನಗಳಲ್ಲಿ ಹೇಳಿದ್ದಾರೆ. ನಾಯಕನನ್ನ ಸೋಲಿಸಿದ್ದು ಖಳನಾಯಕ ಅಲ್ಲ, ಬಿಲ್ಲು! ಆದರೆ ಒಂದು ಒಳ್ಳೆ ಕೆಲಸ ಅದು ಮಾಡಿತ್ತು. ಮಕ್ಕಳು ಅವನನ್ನ ಅನುಕರಿಸಿ ಅಪಾಯಕ್ಕೆ ಬೀಳ್ತಿದ್ದಾರೆ ಅನ್ನೋ ಸುದ್ದಿಗಳು ಬಂದಾಗ, ಕಂತಿನ ಕೊನೆಗೆ ಶಕ್ತಿಮಾನೇ ನಿಂತು, ಹಾಗೆಲ್ಲ ಮಾಡಬೇಡಿ ಅಂತ ಬುದ್ಧಿ ಹೇಳ್ತಿದ್ದ. ಆ ಬುದ್ಧಿಮಾತೂ ಹಿಂದಿಯಲ್ಲೇ. ಎಷ್ಟು ಹಳ್ಳಿ ಮಕ್ಕಳಿಗೆ ಅರ್ಥವಾಯಿತೋ.

ಕನ್ನಡಕ್ಕೆ ಯಾಕೆ ಬರಲಿಲ್ಲ? ಡಬ್ಬಿಂಗ್ ನಿಷೇಧ. 1960ರ ದಶಕದಲ್ಲಿ ಅನಕೃ ಮುಂತಾದವರು ಡಬ್ಬಿಂಗ್ ವಿರುದ್ಧ ನಿಂತದ್ದಕ್ಕೆ ಆಗ ಗಟ್ಟಿ ಕಾರಣ ಇತ್ತು. ಕನ್ನಡ ಚಿತ್ರರಂಗ ಆಗ ಇನ್ನೂ ಎಳೆಯದು, ಕಲಾವಿದರಿಗೆ ತಂತ್ರಜ್ಞರಿಗೆ ಕೆಲಸ ಉಳಿಯಬೇಕಿತ್ತು. ಆದರೆ ಬರೆದ ಕಾನೂನೇ ಇಲ್ಲದ ಆ ಕಟ್ಟುಪಾಡು ದಶಕಗಟ್ಟಲೆ ಮುಂದುವರಿಯಿತು. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನ್‌ಗಳಿಗೆ ಸ್ವಲ್ಪ ದಾರಿಯಾಯ್ತು. 2012ರಲ್ಲಿ ಆಮೀರ್ ಖಾನ್ ಅವರ 'ಸತ್ಯಮೇವ ಜಯತೇ' ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡ ಟಿವಿಯಲ್ಲಿ ಬರಲಿಲ್ಲ. ಆಗ ಗ್ರಾಹಕರ ಸಂಘಟನೆಯೊಂದು ಸ್ಪರ್ಧಾ ಆಯೋಗದ ಬಾಗಿಲು ತಟ್ಟಿತು. 2015ರ ಜುಲೈನಲ್ಲಿ ಆಯೋಗ, ಡಬ್ಬಿಂಗ್ ತಡೆಯೋದು ತಪ್ಪು ಅಂತ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಸ್ಟಾರ್ ಸುವರ್ಣದಲ್ಲಿ 'ಮಹಾಭಾರತ' ಕನ್ನಡ ಮಾತಾಡಿತು. ಮರುವರ್ಷ ಬಂದ ಈ ಹನುಮಂತ ಮೊದಲ ಸೀಸನ್‌ನಿಂದಲೇ ಕನ್ನಡ ದನಿಯಲ್ಲೂ ಸಿಕ್ಕ. ನಮ್ಮ ಊರಿನ ಹುಡುಗ ನಮ್ಮ ಮಾತು ಆಡೋಕೆ ಇಷ್ಟು ವರ್ಷ ಬೇಕಾಯ್ತು!

ಹಾಗಂತ ಅಲ್ಲಿಯವರೆಗೆ ಅವನು ಕನ್ನಡ ಮಾತಾಡೇ ಇರಲಿಲ್ಲ ಅಂದುಕೊಳ್ಳಬೇಡಿ. ಕೊಪ್ಪಳ, ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟದಲ್ಲಿ ಎಷ್ಟೋ ತಲೆಮಾರಿನಿಂದ ಮಾತಾಡಿದ್ದಾನೆ. ಒಂದು ಬಿಳಿ ಪರದೆ, ಹಿಂದೆ ದೀಪ, ಚರ್ಮದ ಗೊಂಬೆ. ಯೋಚಿಸಿ ನೋಡಿದರೆ ಅದೂ ಅನಿಮೇಷನ್ನೇ. ಆನೆಗೊಂದಿ ಇರೋ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ವಯಸ್ಸು 96. ರಾಮಾಯಣ, ಮಹಾಭಾರತದ ಗೊಂಬೆಗಳನ್ನ ಹಿಡಿದು ದೇಶವಿದೇಶ ಸುತ್ತಿದ ಅಜ್ಜಿ. ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಈ ಆಟದಲ್ಲಿ ಯುದ್ಧ ಜಾಸ್ತಿಯಾಗಿ ಜನಕ್ಕೆ ನಿದ್ದೆ ಬರುವ ಹೊತ್ತಿಗೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಊರಿನ ಸಂಗತಿ ಎತ್ತಿ ನಗಿಸ್ತಾರೆ. ರಾವಣನ ದರ್ಬಾರಿನ ನಡುವೆ ನಿಮ್ಮೂರ ಗೌಡನ ಮಾತು ಬರಬಹುದು. ಪರದೆಯ ಮುಂದೆ ಕೂತವರ ಮುಖ ನೋಡಿ ಕಥೆಯ ದಿಕ್ಕು ತಿರುಗಿಸೋ ಕಲೆ ಅದು. ಸ್ಟುಡಿಯೋದವರ ಹತ್ತಿರ ಎಲ್ಲ ತಂತ್ರಜ್ಞಾನ ಇದೆ, ಈ ಒಂದು ಸೌಲಭ್ಯ ಇಲ್ಲ.

ಹಾಗಾದರೆ ಶಕ್ತಿ ನೆನಪಾದ ಮೇಲೆ ಕಥೆಯನ್ನ ಎತ್ತ ಒಯ್ಯಬೇಕಿತ್ತು? ಇದಕ್ಕೂ ವಾಲ್ಮೀಕಿಯಲ್ಲೇ ದಾರಿ ಇದೆ. ಸುಂದರಕಾಂಡದಲ್ಲಿ ಹನುಮಂತನ ನಿಜವಾದ ಪರೀಕ್ಷೆ ಸಮುದ್ರ ಅಲ್ಲ. ಅವನು ಮೈ ಕುಗ್ಗಿಸಿಕೊಂಡು ರಾತ್ರಿಯಿಡೀ ಲಂಕೆ ಹುಡುಕ್ತಾನೆ. ಸೀತೆ ಸಿಗದೇ ಹತಾಶನಾಗ್ತಾನೆ, ಬರಿಗೈಲಿ ವಾಪಸ್ ಹೋಗೋದಕ್ಕಿಂತ ಸಾಯೋದೇ ಲೇಸು ಅನ್ನೋವರೆಗೂ ಹೋಗ್ತಾನೆ. ಕೊನೆಗೆ ಅಶೋಕವನದಲ್ಲಿ ಶಿಂಶುಪಾ ಮರದ ಎಲೆಗಳ ಮರೆಯಲ್ಲಿ ಕೂತಾಗ ಅವನಿಗೆ ಎದುರಾಗೋ ಪ್ರಶ್ನೆ ಏನು ಗೊತ್ತಾ? ಈಕೆಯ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಲಿ? ಪಂಡಿತರ ಹಾಗೆ ಸಂಸ್ಕೃತ ಆಡಿದರೆ ರಾವಣನೇ ವೇಷ ಹಾಕಿ ಬಂದ ಅಂತ ಹೆದರ್ತಾಳೆ. ಅವಳು ಕಿರುಚಿಕೊಂಡರೆ ರಾಕ್ಷಸಿಯರು ಎಚ್ಚೆತ್ತು ಎಲ್ಲಾ ಕೆಲಸ ಕೆಡತ್ತೆ. ಹೀಗೆ ಯೋಚಿಸಿ ಯೋಚಿಸಿ, ಸಾಮಾನ್ಯ ಮನುಷ್ಯರು ಆಡೋ ಮಾತಿನಲ್ಲೇ, ಮೆಲ್ಲಗೆ, ರಾಮನ ಕಥೆ ಹೇಳೋಕೆ ಶುರು ಮಾಡ್ತಾನೆ.

ನೂರು ಯೋಜನ ಹಾರಿ ಬಂದವನು ಒಂದು ಮರದ ಮೇಲೆ ಕೂತು ಯಾವ ಮಾತಿನಲ್ಲಿ ಬಾಯಿ ತೆರೀಲಿ ಅಂತ ಹೆದರ್ತಾ ಯೋಚಿಸೋದು! ಒಂದು ಇಡೀ ಕಂತನ್ನ ಈ ಒಂದು ಗಳಿಗೆಗೆ ಕೊಟ್ಟರೂ ಕಡಿಮೆಯೇ. ಇಲ್ಲಿ ಭಯ ಇದೆ, ಗಡುವು ಇದೆ, ಸೋಲುವ ಸಾಧ್ಯತೆ ಇದೆ. ದೊಡ್ಡ ಖಳ ಬೇಕಾಗೇ ಇಲ್ಲ.

ಈ ಹನುಮಂತನನ್ನ ನೋಡಬೇಕು ಅಂದರೆ ಹಂಪಿಯಲ್ಲಿ ಕೋದಂಡರಾಮ ಗುಡಿಯ ಹಿಂದೆ ಮೆಟ್ಟಿಲು ಹತ್ತಿ ಯಂತ್ರೋದ್ಧಾರಕನ ಹತ್ತಿರ ಹೋಗಿ. ಕೃಷ್ಣದೇವರಾಯನ ಗುರುಗಳಾದ ವ್ಯಾಸರಾಯರು ಸ್ಥಾಪಿಸಿದ್ದು. ನಾವು ಕ್ಯಾಲೆಂಡರ್‌ಗಳಲ್ಲಿ ನೋಡೋ ಗದೆ ಎತ್ತಿದ, ಬೆಟ್ಟ ಹೊತ್ತ ಹನುಮಂತ ಅಲ್ಲ ಇವನು. ಷಟ್ಕೋನದ ಯಂತ್ರದ ಒಳಗೆ ಕಾಲು ಮಡಚಿ ಧ್ಯಾನಕ್ಕೆ ಕೂತಿದ್ದಾನೆ. ಸುತ್ತ ಹನ್ನೆರಡು ವಾನರರು ಒಬ್ಬರ ಬಾಲ ಇನ್ನೊಬ್ಬರು ಹಿಡಿದಿದ್ದಾರೆ. ವ್ಯಾಸರಾಯರು ಬಂಡೆಯ ಮೇಲೆ ಇದ್ದಿಲಿನಿಂದ ಬರೆದಾಗಲೆಲ್ಲ ಚಿತ್ರ ಜೀವ ತಳೆದು ಹಾರಿಹೋಗ್ತಿತ್ತಂತೆ. ಹನ್ನೆರಡು ಸಲ ಹೀಗಾದ ಮೇಲೆ ಯಂತ್ರ ಬರೆದು ಅದರೊಳಗೆ ನಿಲ್ಲಿಸಿದರು ಅಂತ ಐತಿಹ್ಯ. ಸರಣಿ ಮಾಡೋರಿಗೆ ಇದಕ್ಕಿಂತ ಒಳ್ಳೆ ಪಾಠ ಯಾವ ಫಿಲ್ಮ್ ಸ್ಕೂಲ್ ಕೊಡತ್ತೆ?

ಇನ್ನು ನಿಮ್ಮ ಕೈಲಿರೋ ರಿಮೋಟ್ ವಿಷಯ. ಒಟಿಟಿಯಲ್ಲಿ ಯಾರು ಯಾವ ಭಾಷೆಯ ಆಡಿಯೋ ಹಾಕಿಕೊಂಡು ಎಷ್ಟು ನಿಮಿಷ ನೋಡಿದರು ಅನ್ನೋ ಲೆಕ್ಕ ಕಂಪನಿಯ ಹತ್ತಿರ ಇರತ್ತೆ. ಕನ್ನಡ ದನಿ ಕೊಡಿಸೋಕೆ ಕಲಾವಿದರು, ಅನುವಾದಕರು, ಸ್ಟುಡಿಯೋ ಎಲ್ಲದಕ್ಕೂ ಖರ್ಚಿದೆ. ನಾವು ಹಿಂದಿಯಲ್ಲೇ ನೋಡ್ತಾ ಕೂತರೆ ಮುಂದಿನ ಸಲ ಕನ್ನಡ ಬೇಕಾ ಅನ್ನೋ ಪ್ರಶ್ನೆ ಆ ಲೆಕ್ಕ ನೋಡಿದವರ ತಲೆಗೆ ಬಂದೇ ಬರತ್ತೆ. ಕಂತು ಓಡುವಾಗ ಪರದೆ ಮುಟ್ಟಿದರೆ ಆಡಿಯೋ ಅಂತ ಬರತ್ತೆ, ಅದರೊಳಗೆ ಕನ್ನಡ ಒತ್ತಿ. ಆರನೇ ಸೀಸನ್‌ಗೆ ಕೂರೋ ಮೊದಲು ಮೊದಲ ಸೀಸನ್‌ನ ಕೊನೆಯ ಕಂತನ್ನ ಒಂದು ಸಲ ಮಕ್ಕಳ ಜೊತೆ ನೋಡಿ. ಮನೆಯಲ್ಲಿ ಜಾಂಬವಂತನ ವಯಸ್ಸಿನವರು ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಡುವೆ ನಿಲ್ಲಿಸಿ, "ಅದು ಹಂಗಲ್ಲ ಕಣೋ, ನಮ್ಮ ಕಡೆ ಕಥೆ ಬೇರೆ ಇದೆ" ಅಂತ ಅವರು ಶುರು ಮಾಡಿದರೆ ರಿಮೋಟ್ ಪಕ್ಕಕ್ಕಿಡಿ.